ರೊಟ್ಟಿ ಕೊಡುವ ಕೈ ಹುಡುಕಿಕೊಂಡು ಹೋದ ಪಕೀರಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾಲುವೆ ದಂಡೆಯ ಮೇಲೆ ಯಾರದೋ ಟ್ರ್ಯಾಕ್ಟರು ಸ್ಟಾರ್ಟ್ ಆಗಲು ಹೆಣಗುತ್ತಿದೆ. ಪಕೀರಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕಸಬರಿಗೆಯನ್ನು ಬಗಲಲ್ಲಿ ಇರುಕಿಕೊಂಡು ಚರ್ಚಿನ ಬೀಗ ತೆಗೆಯುತ್ತಾರೆ. ಚರ್ಚು ಎಂದ ಕೂಡಲೇ ಗೋಪುರ, ಬಣ್ಣದ ಗಾಜು ಎಂದೆಲ್ಲ ಊಹಿಸಿಕೊಳ್ಳಬೇಡಿ. ಕಾರಟಗಿಯಿಂದ ಕಾಲುವೆ ಹಿಡಿದು ಹೋದರೆ ಸಿಗುವ ತೂಬಿನ ಕ್ಯಾಂಪ್ ಎಂಬ ಪುಟ್ಟ ಊರಿನಲ್ಲಿ, ಭತ್ತದ ಗದ್ದೆಗಳ ಮಗ್ಗುಲಿಗೆ, ತಗಡು ಹೊದಿಸಿದ ಒಂದು ಉದ್ದನೆಯ ಕೋಣೆ. ಒಳಗೆ ಗಂಡಸರಿಗೊಂದು ಕಡೆ ಚಾಪೆ, ಹೆಂಗಸರಿಗೊಂದು ಕಡೆ ಚಾಪೆ. ಎದುರಿಗೆ ಎರಡು ಮೆಟ್ಟಿಲಿನ ಕಟ್ಟೆ, ಅದರ ಮೇಲೆ ಸತ್ಯವೇದ ಇಡುವ ಮರದ ಪೀಠ.

ಪಕೀರಮ್ಮ ಕೋಣೆಯನ್ನೆಲ್ಲ ಗುಡಿಸಿ ಕೊನೆಗೆ ಕಟ್ಟೆ ಏರುತ್ತಾರೆ. ಪೀಠದ ಧೂಳು ಒರೆಸುತ್ತಾರೆ, ಮೇಲೆ ಹಾಸಿದ ಬಿಳಿ ಬಟ್ಟೆಯ ಮೂಲೆ ಸರಿಮಾಡುತ್ತಾರೆ, ಹಲ್ಲಿ ಹಿಕ್ಕೆಯನ್ನು ಉಗುರಿನಿಂದ ಕೆರೆದು ತೆಗೆಯುತ್ತಾರೆ. ಆಮೇಲೆ ಕೆಳಗಿಳಿದು ಬಂದು, ನೆಲದ ಮೇಲೆ ನಿಂತು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಾರೆ. ಮೇಲೆಯೇ ನಿಂತು ಮಾಡಬಹುದಿತ್ತಲ್ಲ ಎಂದು ಕೇಳಿದೆ.

“ಕಸಬರಿಗಿ ಕೈಯಾಗಿದ್ರ ಏರಬೋದ್ರಿ. ಪುಸ್ತಕ ಕೈಯಾಗಿದ್ರ ಕೆಳಗ ನಿಂದ್ರಬೇಕು. ಹೆಣ್ಮಕ್ಕಳಲ್ಲೇನ್ರಿ ನಾವು.”

ಇವತ್ತು ಕಾಲುವೆಗೆ ನೀರು ಬಿಟ್ಟಿಲ್ಲ ಎನ್ನುವಷ್ಟು ಸಲೀಸಾಗಿ ಅವರು ಇದನ್ನು ಹೇಳುತ್ತಾರೆ. ಸಿಟ್ಟು ಬಂದದ್ದು ನನಗೆ. ಆದರೆ ನಮ್ಮ ಮನೆಯ ಹೆಂಗಸರೂ ಗರ್ಭಗುಡಿಯ ಹೊಸ್ತಿಲಾಚೆ ನಿಂತು ಕೈಮುಗಿಯುವವರೇ. ಬೇರೆಯವರ ದೇವರ ಮನೆಗೆ ಬಂದು ಮೂಗು ಮುರಿಯುವ ಯೋಗ್ಯತೆ ನನಗೂ ಇಲ್ಲವೆಂದು ಬಾಯಿ ಮುಚ್ಚಿಕೊಂಡೆ.

ಇಲ್ಲಿ ಸೇರುವ ಕ್ರೈಸ್ತ ಸಭೆಯ ಪಾಲಕರು ಗಂಗಾವತಿಯಲ್ಲಿರುತ್ತಾರೆ. ಜನ ಅವರನ್ನು ಅಯ್ಯನವರು ಎಂದು ಕರೆಯುತ್ತಾರೆ. ಕುಷ್ಟಗಿ, ಯಲಬುರ್ಗಾದವರೆಗೆ ಚೆದುರಿಬಿದ್ದ ಚಿಕ್ಕಪುಟ್ಟ ಸಭೆಗಳೆಲ್ಲ ಅವರೊಬ್ಬರ ತಲೆಯ ಮೇಲೆ. ತೂಬಿನ ಕ್ಯಾಂಪಿನ ಪಾಳಿ ತಿಂಗಳಿಗೊಮ್ಮೆ ಬರುತ್ತದೆ, ಕೆಲವು ಸಲ ತಪ್ಪಿಯೂ ಹೋಗುತ್ತದೆ. ಉಳಿದ ಭಾನುವಾರಗಳೆಲ್ಲ ಪಕೀರಮ್ಮನವು. ಹಾಡು ಎತ್ತುವುದು, ವಾಕ್ಯ ಓದುವುದು, ಓದಿದ್ದನ್ನು ಕೂಲಿಗೆ ಹೊರಟು ನಿಂತವರಿಗೆ ತಿಳಿಯುವಂತೆ ಹೇಳುವುದು, ಎಲ್ಲ ಅವರದೇ. ಅದನ್ನು ಪ್ರಸಂಗ ಎನ್ನುವಂತಿಲ್ಲ. ಹೆಂಗಸು ಮಾಡಿದರೆ ಅದಕ್ಕೆ ಇಲ್ಲಿ ‘ನಾಲ್ಕು ಮಾತು’ ಎಂದು ಹೆಸರು.

ವಾರದ ಉಳಿದ ದಿನಗಳಲ್ಲಿ ನಾಟಿ ಇದ್ದರೆ ನಾಟಿಗೆ, ಇಲ್ಲದಿದ್ದರೆ ಕಾರಟಗಿಯ ಅಕ್ಕಿ ಗಿರಣಿಯ ಅಂಗಳದಲ್ಲಿ ಭತ್ತ ಒಣಗಿಸಲಿಕ್ಕೆ ಹೋಗುತ್ತಾರೆ. ಬಂದ ಮೇಲೆ ಕಾಲು ತೊಳೆದುಕೊಂಡು ಮನೆಮನೆಗೆ ಹೊರಡುತ್ತಾರೆ. ಜ್ವರ ಬಂದವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ, ಗಂಡ ಹೆಂಡತಿ ಜಗಳವಾಡಿದ ಮನೆಯಲ್ಲಿ ಸುಮ್ಮನೆ ಒಂದಷ್ಟು ಹೊತ್ತು ಕುಳಿತಿರುವುದು, ಸತ್ತ ಹೆಣ್ಣುಮಕ್ಕಳಿಗೆ ಸ್ನಾನ ಮಾಡಿಸಿ ಸೀರೆ ಉಡಿಸುವುದು. ದಿನಕ್ಕೆ ಎಷ್ಟು ಮನೆ ಎಂದು ಕೇಳಿದೆ. ಇಂಥ ಲೇಖನಗಳಿಗೆ ಒಂದು ಸಂಖ್ಯೆ ಬೇಕಾಗುತ್ತದೆ. “ಎಣಿಸಿಲ್ರಿ. ಎಣಿಸಿದ್ರ ಕಾಲು ನೋಯ್ತಾವು” ಎಂದರು.

ಹುಟ್ಟಿದ್ದು ಹುಲಿಹೈದರದಲ್ಲಿ. ತಾಯಿಗೆ ಮಕ್ಕಳು ಉಳಿಯುತ್ತಿರಲಿಲ್ಲವಂತೆ. ದರ್ಗಾಕ್ಕೆ ಹರಕೆ ಹೊತ್ತ ಮೇಲೆ ಉಳಿದ ಮಗು ಇದು, ಅದಕ್ಕೇ ಪಕೀರಮ್ಮ. ಮದುವೆಯಾಗಿ ಈ ಕ್ಯಾಂಪಿಗೆ ಬಂದರು. ಗಂಡ ಗಿರಣಿಯಲ್ಲಿ ಹಮಾಲ. ಅವನಿಗೆ ಎದೆ ಬೇನೆ ಬಂದು ಮಲಗಿದಾಗ ದಿನವೂ ಬಂದು ಕೂರುತ್ತಿದ್ದವರು ಈ ಸಭೆಯವರು ಮಾತ್ರ. ಗಂಡ ಹೆಂಡತಿ ಒಟ್ಟಿಗೆ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಗಂಡ ಆಮೇಲೆ ಬಹಳ ಕಾಲ ಬದುಕಲಿಲ್ಲ. ಸಭೆಯವರು ಇವರಿಗೆ ಮಾರ್ತಮ್ಮ ಎಂದು ಹೊಸ ಹೆಸರಿಟ್ಟರು, ಆದರೆ ಆ ಹೆಸರಿನಿಂದ ಕರೆದರೆ ಇವರು ಇವತ್ತಿಗೂ ತಿರುಗಿ ನೋಡುವುದಿಲ್ಲ. ಮಕ್ಕಳಾಗಲಿಲ್ಲ. ಹಾಡಿನ ಪುಸ್ತಕ ಹಿಡಿದುಕೊಂಡು, ಬಾಯಿಪಾಠವಾಗಿದ್ದ ಹಾಡಿಗೆ ಅಕ್ಷರ ಹೊಂದಿಸಿಕೊಳ್ಳುತ್ತ ಓದಲು ಕಲಿತರು. ಈಗಲೂ ಕಷ್ಟದ ಪದ ಬಂದರೆ ಹಾಡಿದಂತೆಯೇ ಎಳೆದು ಓದುತ್ತಾರೆ.

ನಾನು ಹೋದದ್ದು ಶನಿವಾರ. ಮರುದಿನ ಅಯ್ಯನವರು ಬರುವವರಿದ್ದರು. ಅವರು ಬಂದ ದಿನ ಪ್ರಭುಭೋಜನ ಇರುತ್ತದೆ. ಯೇಸು ಸಾಯುವ ಮೊದಲು ಶಿಷ್ಯರೊಂದಿಗೆ ಮಾಡಿದ ಕೊನೆಯ ಊಟದ ನೆನಪಿಗೆ ಎಲ್ಲರೂ ಒಂದು ತುಣುಕು ರೊಟ್ಟಿ, ಒಂದು ಗುಟುಕು ದ್ರಾಕ್ಷಿ ರಸ ತೆಗೆದುಕೊಳ್ಳುವುದು. ಆ ರೊಟ್ಟಿಯನ್ನು ಪಕೀರಮ್ಮನೇ ಮಾಡಬೇಕು. ತಲೆಗೆ ಸ್ನಾನ ಮಾಡಿ, ಗೋಧಿ ಹಿಟ್ಟಿಗೆ ಉಪ್ಪು ಕೂಡ ಹಾಕದೆ ನಾದಿ, ಬೇರೆಯದೇ ಹಂಚಿನ ಮೇಲೆ ಸುಡುತ್ತಾರೆ. ಕರಿ ಒಣದ್ರಾಕ್ಷಿಯನ್ನು ನೆನೆಹಾಕಿ, ಕಿವುಚಿ, ಕುದಿಸಿ, ಹಳೆಯ ಬಿಳಿ ಪಂಚೆಯಲ್ಲಿ ಸೋಸುತ್ತಾರೆ. ಮರುದಿನ ಅದನ್ನು ತಂದು ಕಟ್ಟೆಯ ಮೇಲಿಟ್ಟು ಕೆಳಗಿಳಿಯುತ್ತಾರೆ. ಅಯ್ಯನವರು ಮುರಿದು ಕೊಡುತ್ತಾರೆ, ಇವರೂ ಸಾಲಿನಲ್ಲಿ ನಿಂತು ತೆಗೆದುಕೊಳ್ಳುತ್ತಾರೆ.

ಈ ನಿಯಮ ಪಕೀರಮ್ಮನ ಮೇಲೆ ಯಾರೋ ಹೇರಿದ್ದು ಎಂದು ಬರೆದುಬಿಟ್ಟರೆ ನನಗೆ ಸುಲಭ. ಆದರೆ ಅವರು ಅದರ ಕಾವಲುಗಾರರೂ ಆಗಿದ್ದವರು. ಒಂದು ಕ್ರಿಸ್ಮಸ್‌ಗೆ ದೀಪಿಕಾ ಎಂಬ ಹೈಸ್ಕೂಲಿನ ಹುಡುಗಿ ವಾಕ್ಯ ಓದಲಿಕ್ಕೆಂದು ಕಟ್ಟೆ ಏರಿದಳಂತೆ. ಅವಳ ರಟ್ಟೆ ಹಿಡಿದು ಕೆಳಗಿಳಿಸಿದ್ದು ಇವರೇ. “ಗಂಡಸರು ಯಾರೂ ಬಾಯಿ ಬಿಟ್ಟಿರಲಿಲ್ರಿ. ನಾನ ಇಳಿಸಿದೆ. ಆ ಹುಡುಗಿ ಈಗ ಚರ್ಚಿಗೆ ಬರಂಗಿಲ್ಲ” ಎಂದು ಹೇಳಿ ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚಿದರು.

ಕಳೆದ ಸುಗ್ಗಿಯಲ್ಲಿ ನಡೆದದ್ದನ್ನು ಅವರು ತಾವಾಗಿ ಹೇಳಲಿಲ್ಲ. ಬೇರೆಯವರಿಂದ ಕೇಳಿ ತಿಳಿದು, ಅವರೆದುರು ಮಾತು ತೆಗೆದೆ. ಹಂಚಿನ ಮೇಲಿನ ರೊಟ್ಟಿಯನ್ನು ಮಗುಚಿ ಹಾಕುತ್ತಲೇ ಹೇಳಿದರು.

ಹುಲಿಗವ್ವ ಎಂಬ ಮುದುಕಿ. ಈ ಸಭೆ ಶುರುವಾದಾಗಿನಿಂದ ಇದ್ದವಳು. ಮಧ್ಯಾಹ್ನದ ಹೊತ್ತಿಗೆ ಉಸಿರು ಮೇಲಾಯಿತು. ನನಗೆ ಪ್ರಭುಭೋಜನ ಕೊಡ್ರಿ ಎಂದು ಕೈಸನ್ನೆ ಮಾಡಿ ಕೇಳಿದಳು. ಪಕೀರಮ್ಮ ಓಡಿಹೋಗಿ ರೊಟ್ಟಿ ಸುಟ್ಟು ತಂದರು. ಅಯ್ಯನವರು ಕುಷ್ಟಗಿಯಲ್ಲಿ ಒಂದು ಮದುವೆ ನಡೆಸಿಕೊಡುತ್ತಿದ್ದರು. ಫೋನ್ ಮಾಡಿದರು. ಅಯ್ಯನವರು ಮದುವೆ ಮನೆಯಿಂದ ಹೊರಗೆ ಬಂದು, ಸಂಜೆಯೊಳಗೆ ಬರುತ್ತೇನೆ, ಅಲ್ಲಿಯವರೆಗೆ ಇರಲಾರಳು ಎನ್ನುವುದಾದರೆ ಫೋನನ್ನು ತಟ್ಟೆಯ ಹತ್ತಿರ ಹಿಡಿ, ನಾನು ಇಲ್ಲಿಂದಲೇ ಪ್ರಾರ್ಥಿಸುತ್ತೇನೆ ಎಂದರು. ಸ್ಪೀಕರಿನಲ್ಲಿ ಪ್ರಾರ್ಥನೆಯಾಯಿತು. ರೊಟ್ಟಿ ಪವಿತ್ರವಾಯಿತು. ಕೊನೆಯಲ್ಲಿ ಅಯ್ಯನವರು, ಇನ್ನು ದೀಕ್ಷಾಸ್ನಾನವಾದ ಗಂಡಸರು ಯಾರಾದರೂ ಕೊಡಲಿ ಎಂದು ಹೇಳಿ ಫೋನ್ ಇಟ್ಟರು.

“ಸುಗ್ಗಿ ಹೊತ್ತು. ಗಂಡಸರು ಅನ್ನೋರು ಒಬ್ಬರೂ ಕ್ಯಾಂಪಿನ್ಯಾಗ ಇದ್ದಿಲ್ರಿ. ಹುಲಿಗವ್ವನ ಮಗಾ ಭತ್ತದ ಲಾರಿ ಕೂಡ ಸಿಂಧನೂರಿಗೆ ಹೋಗಿದ್ದ. ನಾ ಹುಡಿಕ್ಯಾಡಕೋತ ಹೊಲಕ್ಕ ಹೊಂಟೆ. ಪ್ರಾರ್ಥನಿ ಆದ ರೊಟ್ಟಿ, ಯಾರರ ಮುಟ್ಟಿಗಿಟ್ಟಾರು ಅಂತ ತಟ್ಟಿನೂ ಕೈಯಾಗ ಹಿಡಕೊಂಡು ಹೋದೆ. ಸೆರಗು ಮುಚ್ಚಿಕೊಂಡು.”

ಕಾಲುವೆಯ ತೂಬಿನ ಹತ್ತಿರ, ಭತ್ತ ಕೊಯ್ಯುವ ಮಷಿನ್ನಿನ ನೆರಳಿನಲ್ಲಿ ಓಬಳೆಪ್ಪ ಸಿಕ್ಕ. ದೀಕ್ಷಾಸ್ನಾನವಾದವನೇ, ಆದರೆ ಕ್ರಿಸ್ಮಸ್ಸಿಗೊಮ್ಮೆ ಹೊಸ ಅಂಗಿ ಹಾಕಿಕೊಂಡು ಚರ್ಚಿಗೆ ಬರುವ ಪೈಕಿ. ಬಾಯಿ ತುಂಬ ಗುಟ್ಕಾ ಇತ್ತು. ನಾನು ಆಮೇಲೆ ಅವನನ್ನೂ ಕಂಡೆ. “ನಾ ಬ್ಯಾಡಂದೆ ಸರ್. ಯಕ್ಕಾ, ನನಗೊಂದು ಪ್ರಾರ್ಥನಿ ಸುದ್ದಾ ಬರಂಗಿಲ್ಲ, ನೀನ ಕೊಡು ಅಂದೆ. ನೀ ಗಂಡಸದೀ ಬಾ ಅಂದ್ಲು. ಕಾಲುವ್ಯಾಗ ಬಾಯಿ ತೊಳಿಸಿದ್ಲು, ಕೈ ತೊಳಿಸಿದ್ಲು. ಇಬ್ಬರೂ ಓಡಿದ್ವಿ” ಎಂದ. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಅವರು ಬಂದು ಮುಟ್ಟುವಷ್ಟರಲ್ಲಿ ಹುಲಿಗವ್ವ ಹೋಗಿಬಿಟ್ಟಿದ್ದಳು. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದವಳು ಪಕ್ಕದ ಮನೆಯ ಹಂಪವ್ವ. ಅವಳೂ ಅದೇ ಸಭೆಯವಳು, ಹುಲಿಗವ್ವನ ಜೋಡಿಯವಳು. ಸಂಜೆ ಅಯ್ಯನವರು ಬಂದರು. ಪವಿತ್ರವಾದದ್ದನ್ನು ಉಳಿಸುವಂತಿಲ್ಲ, ಎಸೆಯುವಂತಿಲ್ಲ. ಆ ರೊಟ್ಟಿಯನ್ನು ಹೆಣದ ಪಕ್ಕದಲ್ಲಿ ನಿಂತು ಅವರೇ ತಿಂದರು.

“ಹಂಪವ್ವ ಒಂದ ಮಾತು ಅಂದ್ಲರಿ,” ಎಂದರು ಪಕೀರಮ್ಮ. “ಆಕಿ ಬಾಯಿ ತೆರಕೊಂಡು ಬಾಗ್ಲ ಕಡೆ ನೋಡಕೋತ ಇದ್ಲು. ನೀ ತಟ್ಟಿ ಇಲ್ಲೇ ಬಿಟ್ಟು ಹೋಗಿದ್ರ ನಾನರ ಕೊಡ್ತಿದ್ದೆ ಅಂದ್ಲು.” ಹಂಚಿನ ಮೇಲಿನ ರೊಟ್ಟಿ ಸೀದು ಹೋಗಿತ್ತು. ಅವರು ಅದನ್ನು ತೆಗೆದು ಬದಿಗಿಟ್ಟು, ಇನ್ನೊಂದು ಉಂಡೆ ಲಟ್ಟಿಸಲು ತೆಗೆದುಕೊಂಡರು.

ಮರುವಾರ ಸಭೆಯಲ್ಲಿ ಪಕೀರಮ್ಮನಿಗೆ ಶಾಲು ಹೊದಿಸಿದರು. ಅಂಥ ಹೊತ್ತಿನಲ್ಲೂ ಕ್ರಮ ತಪ್ಪದೆ ನಡೆದುಕೊಂಡ ಹೆಣ್ಣುಮಗಳು ಎಂದು. ಹೊದಿಸಿದವರು ಸಮುವೇಲಪ್ಪ, ಸಭೆಯ ಹಿರಿಯರು. ಹುಲಿಗವ್ವನ ಮಗ. ಆ ಮನುಷ್ಯನೊಂದಿಗೆ ಜಗಳವಾಡಬೇಕೆಂದೇ ಅವರ ಮನೆಗೆ ಹೋದೆ.

ಜಗಳಕ್ಕೆ ಸಿಗುವ ಮನುಷ್ಯ ಅಲ್ಲ ಅವರು. ಚಹಾ ತರಿಸಿ, ನಿಧಾನಕ್ಕೆ ಮಾತಾಡಿದರು. ಸಭೆಯಲ್ಲಿ ಹೆಂಗಸು ಉಪದೇಶ ಮಾಡಬಾರದು, ಗಂಡಸಿನ ಮೇಲೆ ಅಧಿಕಾರ ನಡೆಸಬಾರದು ಎಂದು ಸತ್ಯವೇದದಲ್ಲಿ ಅಪೊಸ್ತಲ ಪೌಲ ಹೇಳಿದ್ದಾನೆ. ಅದು ಆ ಕಾಲಕ್ಕೆ, ಆ ಊರಿಗೆ ಹೇಳಿದ್ದು ಎಂದು ಕಲಿತವರು ಅನ್ನುತ್ತಾರೆ. ತಾವು ಕಲಿತವರಲ್ಲ, ಇದ್ದದ್ದನ್ನು ಇದ್ದಂತೆ ನಂಬಿದವರು. “ಒಂದು ವಾಕ್ಯ ನಮಗ ತ್ರಾಸ ಆಗ್ತೈತಿ ಅಂತ ತಗದ್ರ, ನಾಳೆ ಇನ್ನೊಂದು ತಗೀತೀವಿ. ಆಮ್ಯಾಲ ಏನ ಉಳೀತೈತ್ರಿ?” ಎಂದರು. ತಾಯಿಯ ಮಾತು ಬಂದಾಗ ಗ್ಲಾಸನ್ನು ಕೆಳಗಿಟ್ಟರು. “ನಮ್ಮವ್ವ ಕರ್ತನ ಹತ್ರ ಹೋಗ್ಯಾಳ. ಒಂದು ತುಣುಕು ರೊಟ್ಟಿ ತಿಂದಿಲ್ಲಂತ ಆತ ಬಾಗ್ಲ ಹಾಕಂಗಿಲ್ಲ.”

ಹಾಗಾದರೆ ಆ ತುಣುಕನ್ನು ಹೆಂಗಸು ಕೊಟ್ಟಳೆಂದೂ ಬಾಗಿಲು ಹಾಕಲಿಕ್ಕಿಲ್ಲ ಅಲ್ಲವೇ ಎಂದು ಕೇಳಿದೆ. “ಅದನ್ನ ನನ್ನ ಕೇಳಬ್ಯಾಡ್ರಿ. ಅವತ್ತು ಸಿಂಧನೂರಿಗೆ ನಾ ಯಾಕರ ಹೋದೆ ಅಂತ ನನಗ ನಾನ ಕೇಳ್ಕೋತೀನಿ. ಅಷ್ಟಕ್ಕ ಬಿಡ್ರಿ” ಎಂದರು. ಕೇಳಬಾರದಿತ್ತು ಎಂದು ನನಗೂ ಅನಿಸಿತು.

ಗಂಗಾವತಿಯಲ್ಲಿ ಅಯ್ಯನವರು ಸಿಕ್ಕರು. ಧಾರವಾಡದ ಕಡೆಯವರು, ವಯಸ್ಸು ಚಿಕ್ಕದು, ಮಾತು ಮೃದು. ನಮ್ಮ ಪತ್ರಿಕೆಯ ಭಾನುವಾರದ ಪುರವಣಿಯನ್ನು ಬೆಳಗಿನ ಚಹಾದ ಜೊತೆಗೆ ತಪ್ಪದೆ ಓದುತ್ತಾರಂತೆ. ಹೆಣ್ಣುಮಕ್ಕಳು ಗುರುದೀಕ್ಷೆ ಪಡೆಯುವುದಕ್ಕೆ ತಮ್ಮ ಅಡ್ಡಿಯಿಲ್ಲ. ದೊಡ್ಡ ಸಭೆಗಳಲ್ಲಿ ಅಂಥ ಸಭಾಪಾಲಕಿಯರು ಇದ್ದಾರೆ. ಅವರಲ್ಲೊಬ್ಬರು ತಮ್ಮ ಸಹಪಾಠಿ. ಆದರೆ ಅದಕ್ಕೆ ಓದು ಬೇಕು, ಮೇಲಿನವರ ಒಪ್ಪಿಗೆ ಬೇಕು. “ಪಕೀರಮ್ಮನವರ ಭಕ್ತಿ ನನಗಿಂತ ದೊಡ್ಡದು. ಆದರೆ ಭಕ್ತಿ ಬೇರೆ, ಅಧಿಕಾರ ಬೇರೆ ನೋಡಿ” ಎಂದರು. ಫೋನಿನಲ್ಲಿ ರೊಟ್ಟಿ ಪವಿತ್ರ ಮಾಡಲು ಒಪ್ಪಿಗೆ ಇದೆಯೇ ಎಂದು ಕೇಳಿದ್ದಕ್ಕೆ ಮುಖ ಕೆಂಪಾಯಿತು. “ಇಲ್ಲ. ಆ ಗಳಿಗೆಯಲ್ಲಿ ತೋಚಿದ್ದು ಅಷ್ಟು” ಎಂದರು. ಒಂದು ನಿಯಮ ಅವರಿಗಾಗಿ ಬಗ್ಗಿತು, ಇನ್ನೊಂದು ಪಕೀರಮ್ಮನಿಗಾಗಿ ಬಗ್ಗಲಿಲ್ಲ. ಇದನ್ನು ಅವರೆದುರಿಗೆ ಹೇಳಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಕಾರಟಗಿಯಲ್ಲಿ ಇನ್ನೊಂದು ಪಂಗಡದವರ ಪ್ರಾರ್ಥನಾ ಮಂದಿರವಿದೆ. ಅಲ್ಲಿಯ ಪಾಸ್ಟರ ಹೆಂಡತಿ ವಿಜಯಲಕ್ಷ್ಮಿ ಮೈಕು ಹಿಡಿದು ನಿಂತರೆ ಗಂಡಸರೂ ಅತ್ತುಬಿಡುತ್ತಾರೆ. ಪವಿತ್ರಾತ್ಮ ಬರುವಾಗ ಗಂಡು ಹೆಣ್ಣು ನೋಡಿ ಬರುವುದಿಲ್ಲ ಎನ್ನುವುದು ಅವರ ಮಾತು. “ಪಕೀರಮ್ಮಕ್ಕ ನಮ್ಮಲ್ಲಿ ಬರ್ಲಿ, ನಾಳೆನ ಮೈಕ್ ಕೊಡ್ತೀನಿ” ಎಂದರು. ರೊಟ್ಟಿ ಮುರಿದು ಕೊಡುವುದು ಎಂದು ಕೇಳಿದೆ. ಅದು ಮಾತ್ರ ನಮ್ಮ ಯಜಮಾನ್ರದು, ಗಂಡ ತಲೆ ಇದ್ದಂಗ ಅಲ್ಲೇನ್ರಿ ಎಂದು ನಕ್ಕರು. ಒಬ್ಬರು ಪುಸ್ತಕ ತೋರಿಸಿದರು, ಒಬ್ಬರು ಮೇಲಿನವರನ್ನು ತೋರಿಸಿದರು, ಒಬ್ಬರು ಗಂಡನನ್ನು ತೋರಿಸಿದರು. ಮೂವರೂ ಒಳ್ಳೆಯವರು, ಮೂವರೂ ಪಕೀರಮ್ಮನನ್ನು ಹೊಗಳಿದರು. ತೂಬಿನ ಕ್ಯಾಂಪಿಗೆ ಮರಳಲು ಬಸ್ಸು ಹತ್ತಿದಾಗ ನನಗೆ ವಿಪರೀತ ದಣಿವಾಗಿತ್ತು.

ಸುಗ್ಗಿ ಮುಗಿದ ಮೇಲೆ ನಡೆದ ಹಿರಿಯರ ಸಭೆಯಲ್ಲಿ ಪಕೀರಮ್ಮ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದ್ದರು: “ಇನ್ನೊಮ್ಮೆ ಹಿಂಗಾದ್ರ ನಾ ಕೊಡಬೋದಾ?” ಅಲ್ಲಿಯವರೆಗೆ ಯಾವ ಸಭೆಯಲ್ಲೂ ಅವರು ಎದ್ದು ನಿಂತವರಲ್ಲ. ಮುಂದಿನ ಸಲ ನೋಡೋಣ ಎಂದರು. ಮುಂದಿನ ಸಲವೂ ಹಾಗೇ ಎಂದರು. ಗಂಗಾವತಿಯಲ್ಲಿ ಕೇಳಿದರೆ ಊರಿನ ಸಭೆ ಮೊದಲು ಒಪ್ಪಲಿ ಎನ್ನುತ್ತಾರೆ, ಊರಿನ ಸಭೆಯಲ್ಲಿ ಕೇಳಿದರೆ ಮೇಲಿನಿಂದ ಬರಲಿ ಎನ್ನುತ್ತಾರೆ. ನಾಟಿ ಬಂತು, ಮತ್ತೆ ಭತ್ತ ತೆನೆಗಟ್ಟಿದೆ. ಉತ್ತರ ಬಂದಿಲ್ಲ.

ಈ ನಡುವೆ ಹಂಪವ್ವ ಹಾಸಿಗೆ ಹಿಡಿದಿದ್ದಾಳೆ. ಪಕೀರಮ್ಮ ನನ್ನನ್ನು ಅವಳ ಮನೆಗೆ ಕರೆದುಕೊಂಡು ಹೋಗುತ್ತಾರೆ. ಒಂದೇ ಕೋಣೆ, ಗೋಡೆಗೆ ಸೇರಿಸಿದ ಮಂಚ. ಹಂಪವ್ವನಿಗೆ ಹೊದಿಸಿದ್ದು ಅದೇ ಶಾಲು, ಸಭೆಯವರು ಪಕೀರಮ್ಮನಿಗೆ ಕೊಟ್ಟದ್ದು. ಅಂಚಿನ ಜರಿ ಇನ್ನೂ ಹೊಸದಾಗಿದೆ. “ಆಕಿಗಿ ಚಳಿ ಭಾಳ್ರಿ. ನಾ ಏನ ಮಾಡಲಿ ಇದನ್ನ” ಎನ್ನುತ್ತಾರೆ.

ಪಕೀರಮ್ಮ ಅವಳನ್ನು ಎತ್ತಿ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು, ಗಂಜಿಯನ್ನು ಚಮಚದಲ್ಲಿ ಬಾಯಿಗಿಡುತ್ತಾರೆ. ಹಂಪವ್ವ ನುಂಗಲು ಹೊತ್ತು ತೆಗೆದುಕೊಳ್ಳುತ್ತಾಳೆ, ಇವರು ಅಷ್ಟೂ ಹೊತ್ತು ಚಮಚ ಹಿಡಿದುಕೊಂಡು ಕಾಯುತ್ತಾರೆ. ನಡುವೆ ಹಂಪವ್ವ ನನ್ನ ಕಡೆ ತಿರುಗಿ, “ಈಕಿ ದಿನಾ ಉಣಸ್ತಾಳ. ಗಂಜಿ ಉಣಸ್ಬೋದಂತ” ಎಂದಳು. ಪಕೀರಮ್ಮ ಚಮಚವನ್ನು ಬಟ್ಟಲಲ್ಲಿಟ್ಟು ಸೆರಗಿನಿಂದ ಅವಳ ಗದ್ದ ಒರೆಸಿದರು. ನನಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಹೊರಗೆ ಬಂದು ಕಾಲುವೆ ನೋಡುತ್ತ ನಿಂತೆ.

ಬಸ್ಸಿನವರೆಗೆ ಕಳಿಸಿಕೊಡಲು ಪಕೀರಮ್ಮ ಬಂದರು. ರಸ್ತೆಯ ಎರಡೂ ಕಡೆ ಭತ್ತ ಹಳದಿಗೆ ತಿರುಗುತ್ತಿತ್ತು. ಇನ್ನೊಂದಿಷ್ಟು ದಿನಕ್ಕೆ ಮಷಿನ್ನುಗಳು ಬರುತ್ತವೆ, ಗಂಡಸರೆಲ್ಲ ಮತ್ತೆ ಹೊಲಕ್ಕೆ, ಲಾರಿಗೆ ಹೋಗುತ್ತಾರೆ. ಲೇಖನದ ಕೊನೆಗೆಂದು, ನಿಮಗೆ ಏನಾದರೂ ಆಸೆ ಇದೆಯೇ ಎಂದು ಕೇಳಿದೆ. ಕಟ್ಟೆ ಏರಬೇಕು ಎನ್ನಬಹುದು, ಪ್ರಸಂಗ ಮಾಡಬೇಕು ಎನ್ನಬಹುದು ಎಂದುಕೊಂಡಿದ್ದೆ.

“ಕಟ್ಟಿ ಗಿಟ್ಟಿ ಏನೂ ಬ್ಯಾಡ್ರಿ. ಕೆಳಗ ನಿಂತು ರೂಢಿ ಆಗೈತಿ.” ರಸ್ತೆಬದಿಯ ಒಂದು ತೆನೆಯನ್ನು ಬೆರಳಲ್ಲಿ ಹಿಚುಕಿ ನೋಡಿದರು. “ಹಂಪವ್ವನ ಹೊತ್ತು ಬಂದಾಗ ಅಯ್ಯನೋರು ಇದ್ರ ಛಲೋ. ಅವರ ಕೊಡ್ಲಿ. ಇಲ್ಲಾಂದ್ರ...” ಎಂದು ನಿಲ್ಲಿಸಿ, ಬರುತ್ತಿದ್ದ ಬಸ್ಸಿಗೆ ಕೈ ಮಾಡಿದರು. “ಇಲ್ಲಾಂದ್ರ ಈ ಸಲ ನಾ ಯಾರನ್ನೂ ಹುಡಕಾಕ ಹೋಗಂಗಿಲ್ರಿ. ತಟ್ಟಿ ಹಿಡಕೊಂಡು ಆಕಿ ಹತ್ರನ ಕುಂದರ್ತೀನಿ.”

ನನಗೆ ಗಾಬರಿಯಾಯಿತು. ಇಷ್ಟು ವರ್ಷ ಆ ಕೋಣೆಯ ಬೀಗದ ಕೈ ಇಟ್ಟುಕೊಂಡ ಹೆಣ್ಣುಮಗಳು. ಈ ಒಂದು ಮಾತಿಗೆ ಅದು ಹೋಗಬಹುದು. ಬಸ್ಸಿನ ಮೆಟ್ಟಿಲ ಮೇಲೆ ನಿಂತು, ಇದನ್ನು ಬರೆಯಲೋ ಬೇಡವೋ ಎಂದು ಕೇಳಿದೆ.

“ಬರೀರಿ,” ಎಂದರು ಪಕೀರಮ್ಮ. “ಅಯ್ಯನೋರು ಐತಾರದ ಪೇಪರು ತಪ್ಪದ ಓದ್ತಾರಂತಲ್ಲ.”